ಸುಲಭ ಕಂತುಗಳಲ್ಲಿ ಒಂದು ಕೆರೆ

ಮೂರು ಕಿಲೋಮೀಟರ್ ನಡೆಯುವುದಕ್ಕೆ ನಾನು ಎರಡು ಸಾವಿರ ಕಿಲೋಮೀಟರ್ ಹಾರಿದೆ. ಆಮೇಲೆ ಇನ್ನೂರು ಕಿಲೋಮೀಟರ್ ಟೆಂಪೋ ಟ್ರಾವೆಲರ್‌ನ ಹಿಂದಿನ ಸೀಟಿನಲ್ಲಿ ಕೂತು, ತಲೆ ಸೂರಿಗೆ ಬಡಿದಾಗಲೆಲ್ಲ ಶಿವ ಶಿವಾ ಅಂದೆ. ಹಿಮಾಲಯದಲ್ಲಿ ಶಿವನಾಮ ತಾನಾಗಿ ಬಾಯಿಗೆ ಬರುತ್ತದೆ ಎಂದು ಹಿರಿಯರು ಹೇಳುವುದು ಇದಕ್ಕೇ ಇರಬೇಕು. ನಮ್ಮ ಮನೆಯಿಂದ ತರಕಾರಿ ಅಂಗಡಿ ಮುನ್ನೂರು ಹೆಜ್ಜೆ. ಅದಕ್ಕೆ ನಾನು ಸ್ಕೂಟರ್ ತೆಗೆಯುತ್ತೇನೆ.

ಕೆರೆಯ ಹೆಸರು ದೇವರಿಯಾ ತಾಲ್. ಉತ್ತರಾಖಂಡದ ರುದ್ರಪ್ರಯಾಗ ಜಿಲ್ಲೆಯಲ್ಲಿ, ಊಖಿಮಠದಿಂದ ಮುಂದೆ ಸಾರಿ ಎಂಬ ಊರಿದೆ. ಅಲ್ಲಿಂದ ಸುಮಾರು ಮೂರು ಕಿಲೋಮೀಟರ್ ಏರಿದರೆ, ಹತ್ತಿರಹತ್ತಿರ 2,400 ಮೀಟರ್ ಎತ್ತರದಲ್ಲಿ, ಕಾಡಿನ ನಡುವೆ ತಟ್ಟೆಯಲ್ಲಿಟ್ಟ ಹಾಗೆ ಒಂದಿಷ್ಟು ನೀರು. ಹಿಂದೆ 7,138 ಮೀಟರಿನ ಚೌಖಂಬಾ ಶಿಖರ. ಬೆಳಗ್ಗೆ ಗಾಳಿಯಿಲ್ಲದ ಹೊತ್ತಿಗೆ ಆ ಶಿಖರ ತಲೆಕೆಳಗಾಗಿ ಈ ನೀರಿನಲ್ಲಿ ನಿಲ್ಲುತ್ತದೆ. ಕ್ಯಾಲೆಂಡರ್‌ಗಳಲ್ಲಿ ನೀವೂ ನೋಡಿರುತ್ತೀರಿ. ‘ದೇವರಿಯಾ ಅಂದರೆ ದೇವರ ಕೆರೆ, ಹೆಸರು ಕನ್ನಡದ್ದೇ, ಇವರು ಹೊಡೆದುಕೊಂಡಿದ್ದಾರೆ’ ಎಂದು ನಮ್ಮ ಮೂರನೇ ಮಹಡಿಯವರು ವಿಮಾನದಲ್ಲೇ ಸಂಶೋಧನೆ ಮುಗಿಸಿದರು. ಅವರು ಕನ್ನಡ ಪೇಪರ್ ಬಿಟ್ಟು ಹದಿನೈದು ವರ್ಷವಾಯಿತು. ಆದರೆ ಊರು ಬಿಟ್ಟು ಮೂವತ್ತು ಸಾವಿರ ಅಡಿ ಮೇಲೆ ಹೋದರೆ ಅವರಿಗೆ ಭಾಷಾಭಿಮಾನ ಒತ್ತರಿಸಿ ಬರುತ್ತದೆ.

ಹಿಮಾಲಯವೇ ಏಕೆ ಎಂದು ಕೇಳಬೇಡಿ. ನಮ್ಮ ಅಪಾರ್ಟ್‌ಮೆಂಟಿನ ವಾಕಿಂಗ್ ಗುಂಪು ಮೊದಲು ಹೊರಟದ್ದು ಕುಮಾರ ಪರ್ವತಕ್ಕೆ. 2024ರ ಜನವರಿಯಲ್ಲಿ ಒಂದು ರಜೆಗೆ ಅಲ್ಲಿ ಬೆಟ್ಟದ ತುಂಬ ಜನ ಸಾಲುಗಟ್ಟಿ, ತಿರುಪತಿಯ ಧರ್ಮದರ್ಶನದ ಕ್ಯೂ ಆಗಿ, ವಿಡಿಯೋ ಊರೆಲ್ಲ ಸುತ್ತಿತಲ್ಲ, ಅಲ್ಲಿಂದ ಮುಂದೆ ಆನ್‌ಲೈನ್ ಬುಕಿಂಗ್ ಇಲ್ಲದೆ ಹತ್ತುವ ಹಾಗಿಲ್ಲ ಎಂದಾಯಿತು. ನಮ್ಮ ಸೆಕ್ರೆಟರಿಗೆ ಒಟಿಪಿ ಬರುವಷ್ಟರಲ್ಲಿ ಟಿಕೆಟ್ ಮುಗಿಯಿತು. ಸುಬ್ರಹ್ಮಣ್ಯಕ್ಕೆ ಹೋಗಲಾಗದ ಸಿಟ್ಟಿನಲ್ಲಿ ಅವರು ಹಿಮಾಲಯ ಬುಕ್ ಮಾಡಿಬಿಟ್ಟರು. ಆರು ಕಂತು, ಬಡ್ಡಿಯಿಲ್ಲ, ಪ್ರೊಸೆಸಿಂಗ್ ಫೀ ಮಾತ್ರ. ಬಡ್ಡಿ ತನ್ನ ಹೆಸರು ಬದಲಾಯಿಸಿಕೊಂಡು ಪ್ರೊಸೆಸಿಂಗ್ ಫೀ ಆದದ್ದು ಯಾವ ಗೆಜೆಟ್ಟಿನಲ್ಲಿ ಬಂತೋ ನಾನು ಗಮನಿಸಲಿಲ್ಲ.

ಕಂಪನಿಯವರ ಕಾಗದದಲ್ಲಿ ಎರಡು ಕಡೆ ‘ಈಸಿ’ ಎಂದು ಬರೆದಿತ್ತು. ಗ್ರೇಡ್: ಈಸಿ. ಪಾವತಿ: ಈಸಿ. ಎರಡನ್ನೂ ಬರೆದವರು ಒಬ್ಬರೇ ಎಂದು ನನ್ನ ಗುಮಾನಿ. ಈ ಗ್ರೇಡುಗಳನ್ನು ಯಾರ ಮೊಣಕಾಲಿನ ಮೇಲೆ ಇಟ್ಟು ಅಳೆಯುತ್ತಾರೆ ಹೇಳಿ? ಟ್ರೆಕ್ ಲೀಡರ್‌ಗೆ ಇಪ್ಪತ್ನಾಲ್ಕು ವರ್ಷ, ಮೇಕೆಯ ಕಾಲು. ಅವನ ಪ್ರಕಾರ ಭೂಮಿಯ ಮೇಲೆ ಮೂರೇ ಬಗೆಯ ದಾರಿಗಳು: ಈಸಿ, ಈಸಿ-ಮಾಡರೇಟ್, ‘ಅರೇ ಅಂಕಲ್, ಆರಾಮ್‌ಸೆ’. ಇಡೀ ಕರ್ನಾಟಕದಲ್ಲಿ ಎಲ್ಲಕ್ಕಿಂತ ಎತ್ತರದ ಮುಳ್ಳಯ್ಯನಗಿರಿಯೇ 1,930 ಮೀಟರ್. ಸಾರಿಯಲ್ಲಿ ನಾವು ಹಲ್ಲುಜ್ಜಿದ ನಲ್ಲಿಯೇ ಎರಡು ಸಾವಿರ ಮೀಟರಿನ ಆಸುಪಾಸಿನಲ್ಲಿತ್ತು. ಅಂದರೆ ನಮ್ಮ ರಾಜ್ಯದ ನೆತ್ತಿಯ ಮಟ್ಟಕ್ಕೆ ಬಂದ ಮೇಲೆ ಅಲ್ಲಿಂದ ‘ಈಸಿ’ ಶುರು.

ಈಸಿ ದಾರಿಗೆ ಸಾಮಾನು ಮಾತ್ರ ಈಸಿಯಲ್ಲ. ಒಂದು ಹಗಲಿನ ನಡಿಗೆಗೆ ಹಣೆಗೆ ಕಟ್ಟುವ ಟಾರ್ಚು ಏಕೆ ಎಂದು ನಾನು ಕೇಳಿದ್ದಕ್ಕೆ ಎಲ್ಲರೂ ಪಾಪ ಎಂಬಂತೆ ನೋಡಿದರು. ಎರಡು ಊರುಗೋಲು, ಮೂರು ಪದರದ ಅಂಗಿ, ಬೆವರು ಹೀರುವ ಬನಿಯನ್ನು, ಅದು ಹೀರಿದ್ದನ್ನು ಹೊರಗೆ ಬಿಡುವ ಜಾಕೆಟ್ಟು, ಹೊರಗಿನದನ್ನು ಒಳಗೆ ಬಿಡದ ಇನ್ನೊಂದು ಜಾಕೆಟ್ಟು. ಬೆನ್ನುಚೀಲದೊಳಗೆ ನೀರಿನ ಬಲೂನು, ಅದರಿಂದ ಹೆಗಲ ಮೇಲೆ ಹಾದು ಬಾಯಿಗೆ ಬರುವ ಕೊಳವೆ. ಡ್ರಿಪ್ ಹಾಕಿಸಿಕೊಂಡ ರೋಗಿ ಐಸಿಯುನಿಂದ ಎದ್ದು ತಾನೇ ನಡೆದು ಬಂದಂತೆ ಕಾಣುತ್ತಿದ್ದೆ. ಹೆಂಡತಿ ಫೋಟೋ ತೆಗೆದು ತವರಿಗೆ ಕಳಿಸಿದಳು. ಅತ್ತೆ ಮನೆಯಿಂದ ತಕ್ಷಣ ಫೋನು ಬಂತು: ಯಾವ ಆಸ್ಪತ್ರೆ?

ದೇವಪ್ರಯಾಗದಲ್ಲಿ ಅಲಕನಂದಾ ಭಾಗೀರಥಿ ಕೂಡುವುದನ್ನು ಕಿಟಕಿಯಿಂದ ನೋಡಿದೆವು. ರುದ್ರಪ್ರಯಾಗದಲ್ಲಿ ನನಗೆ ಮೈ ಝುಂ ಅಂತು. ಕಾರ್ಬೆಟ್ 1926ರಲ್ಲಿ ಹೊಡೆದ ನರಭಕ್ಷಕ ಚಿರತೆಯ ಊರು. ತೇಜಸ್ವಿಯವರ ಕನ್ನಡದಲ್ಲಿ ಅದನ್ನು ಓದಿ, ರಾತ್ರಿ ಒಂದಕ್ಕೆ ಏಳದೆ ಬೆಳಗಿನವರೆಗೆ ಬಿಗಿಹಿಡಿದ ತಲೆಮಾರು ನಮ್ಮದು. ಎಂಟು ವರ್ಷ ಈ ಕಣಿವೆಯ ಜನ ಕತ್ತಲಾದ ಮೇಲೆ ಬಾಗಿಲು ತೆರೆಯಲಿಲ್ಲ ಎಂದು ಸಹಪ್ರಯಾಣಿಕರಿಗೆ ಉತ್ಸಾಹದಿಂದ ಹೇಳತೊಡಗಿದೆ. ಮೂರನೇ ಮಹಡಿಯವರು ಆಕಳಿಸಿ, ‘ಹಾಗಾದರೆ ಇಲ್ಲಿ ನೆಟ್‌ವರ್ಕ್ ಸಿಗಲ್ಲ ಅನ್ನಿ’ ಅಂದರು.

ಊಖಿಮಠದಲ್ಲಿ ಐದು ನಿಮಿಷ ನಿಲ್ಲಿಸಿ ಎಂದು ಕಾಡಿದೆ. ಚಳಿಗಾಲದಲ್ಲಿ ಕೇದಾರದ ಬಾಗಿಲು ಮುಚ್ಚಿದಾಗ ಕೇದಾರನಾಥನಿಗೆ ಪೂಜೆ ನಡೆಯುವುದು ಇಲ್ಲಿನ ಓಂಕಾರೇಶ್ವರ ಗುಡಿಯಲ್ಲಿ. ಕೇದಾರದ ಪ್ರಧಾನ ಅರ್ಚಕರಾದ ರಾವಲರು ಪರಂಪರೆಯಿಂದ ನಮ್ಮ ಕರ್ನಾಟಕದ ಕಡೆಯ ವೀರಶೈವ ಜಂಗಮರು. ಮಠಕ್ಕೂ ನಮ್ಮ ಸೀಮೆಗೂ ತಲೆತಲಾಂತರದ ನಂಟು. ಹಿಂದೆ ಅವರು ವಿಮಾನವಿಲ್ಲದೆ, ರೈಲಿಲ್ಲದೆ, ಹೊಳೆ ದಾಟಿ ಕಾಡು ದಾಟಿ ಕಾಲ್ನಡಿಗೆಯಲ್ಲಿ ಬಂದರು. ಅವರ ಕೈಗೆ ಗ್ರೇಡು ಬರೆದ ಕಾಗದ ಯಾರೂ ಕೊಟ್ಟಿರಲಿಲ್ಲ. ‘ಐಟಿನರರಿಯಲ್ಲಿ ಇಲ್ಲ ಅಂಕಲ್’ ಎಂದ ಲೀಡರ್. ಕಿಟಕಿಯಿಂದಲೇ ಕೈಮುಗಿದೆ. ಮುಂದಿನ ತಿರುವಿನಲ್ಲಿ ಪರೋಟ ಅಂಗಡಿ ಇತ್ತು. ಅದು ಐಟಿನರರಿಯಲ್ಲಿತ್ತು. ಮುಕ್ಕಾಲು ಗಂಟೆ ನಿಂತೆವು.

ಏರು ಶುರುವಾದದ್ದು ಮರುದಿನ ಹತ್ತಕ್ಕೆ. ಆರಕ್ಕೆ ಹೊರಡುವುದೆಂದು ಮಾತಾಗಿತ್ತು. ಆದರೆ ಹತ್ತೊಂಬತ್ತು ಜನಕ್ಕೆ ಎರಡು ಗೀಸರ್ ಎಂಬ ಲೆಕ್ಕವನ್ನು ಯಾವ ಭಾಸ್ಕರಾಚಾರ್ಯನೂ ಬೇಗ ಬಿಡಿಸಲಾರ. ಊರಿನ ಅಂಚಿನಿಂದ ಕಲ್ಲು ಹಾಸಿದ ದಾರಿ. ಮೊದಲ ನೂರು ಮೀಟರ್ ಎಲ್ಲರೂ ಹರಟಿದರು. ಮುಂದಿನ ನೂರು ಮೀಟರ್‌ನಲ್ಲಿ ವಾಕ್ಯಗಳು ಗಿಡ್ಡವಾದವು. ಆಮೇಲೆ ಎಲ್ಲರಿಗೂ ಏಕಕಾಲಕ್ಕೆ ಪ್ರಕೃತಿ ಸೌಂದರ್ಯ ಕಾಣಿಸತೊಡಗಿತು. ಏದುಸಿರು ಬಂದಾಗ ನಿಲ್ಲಲು ಅದಕ್ಕಿಂತ ಮರ್ಯಾದೆಯ ನೆಪ ಇನ್ನೊಂದಿಲ್ಲ. ‘ಆಹಾ, ಬುರಾಂಶ್!’ ಎಂದು ಒಬ್ಬರು ಸೊಂಟ ಹಿಡಿದು ನಿಂತರು. ಉತ್ತರಾಖಂಡದ ರಾಜ್ಯವೃಕ್ಷ ಅದು. ಏಪ್ರಿಲ್ ಮೊದಲ ವಾರ, ಇಳಿಜಾರಿನ ತುಂಬ ಕೆಂಪು. ಅವರು ಬೆನ್ನು ಹಾಕಿ ನಿಂತಿದ್ದ ಮರ ಮಾತ್ರ ಓಕ್.

ದಾರಿಯ ಹಳೆಯ ಶಿವನ ಗುಡಿಯ ಹತ್ತಿರ ನಾವು ಎರಡನೇ ಸಲ ಪ್ರಕೃತಿ ಸೌಂದರ್ಯ ನೋಡುತ್ತಿದ್ದಾಗ ಆ ಹೆಂಗಸು ಮೇಲಿನಿಂದ ಇಳಿದು ಬಂದಳು. ಅರವತ್ತೈದಾದರೂ ಆಗಿರಬೇಕು. ಬೆನ್ನ ಮೇಲೆ ಅವಳಿಗಿಂತ ಅಗಲವಾದ ಹಸಿ ಹುಲ್ಲಿನ ಹೊರೆ, ಹಣೆಯಿಂದ ಬಂದ ಹಗ್ಗ ಅದನ್ನು ಹಿಡಿದಿತ್ತು, ಸೊಂಟದಲ್ಲಿ ಕುಡುಗೋಲು, ಕಾಲಲ್ಲಿ ಹಿಂಬದಿ ಸವೆದು ಒಂದು ಕಡೆ ವಾಲಿದ ಪ್ಲಾಸ್ಟಿಕ್ ಚಪ್ಪಲಿ. ಹುಲ್ಲಿನ ನಡುವೆ ಒಂದು ಹಿಡಿ ಯಾವುದೋ ಸೊಪ್ಪನ್ನು ಬೇರೆಯಾಗಿ, ಎಳೆ ಹುಲ್ಲಿನಿಂದಲೇ ಕಟ್ಟಿ ಸಿಕ್ಕಿಸಿದ್ದಳು. ಹಬ್ಬದ ದಿನ ತುರುಬಿಗೆ ಹೂ ಸಿಕ್ಕಿಸಿದ ಹಾಗೆ. ನಿಂತು ನಮ್ಮ ಊರುಗೋಲುಗಳನ್ನು ಎಣಿಸಿದಳು. ಎಲ್ಲಿಯವರು ಎಂದು ಕೇಳಿದಳು. ಬೆಂಗಳೂರು ಎಂದೆವು. ಎಷ್ಟು ದೂರ? ಹೇಳಿದೆವು. ಎಲ್ಲಿಗೆ? ತಾಲ್ ನೋಡಲಿಕ್ಕೆ. ಅವಳು ಸ್ವಲ್ಪ ಹೊತ್ತು ಯೋಚಿಸಿ, ವ್ಯಂಗ್ಯದ ಸುಳಿವೂ ಇಲ್ಲದೆ, ನಿಜವಾದ ಕಳಕಳಿಯಿಂದ ಕೇಳಿದಳು: ‘ನಿಮ್ಮೂರಲ್ಲಿ ಕೆರೆ ಇಲ್ಲವಾ?’

ನನ್ನ ಹಿಂದಿ ಇಂಥ ಕಡೆ ಕೈಕೊಡುತ್ತದೆ. ಇದ್ದವು ಎಂದೆ. ಏನಾದವು? ಒಂದರಲ್ಲಿ ಬಸ್ಸು ನಿಲ್ಲುತ್ತವೆ ಎಂದೆ. ಧರ್ಮಾಂಬುಧಿ ಅದರ ಹೆಸರು. ಈಗ ಅದು ಮೆಜೆಸ್ಟಿಕ್ಕಿನ ಕೆಂಪೇಗೌಡ ಬಸ್ ನಿಲ್ದಾಣ. ಇನ್ನೊಂದರಲ್ಲಿ ಓಟದ ಪಂದ್ಯ ನಡೆಯುತ್ತದೆ. ಅದು ಸಂಪಂಗಿ ಕೆರೆ, ಈಗ ಕಂಠೀರವ ಕ್ರೀಡಾಂಗಣ. ಬೆಳ್ಳಂದೂರು ಕೆರೆ ಇನ್ನೂ ಇದೆ, ಆದರೆ 2018ರ ಜನವರಿಯಲ್ಲಿ ಅದಕ್ಕೆ ಬೆಂಕಿ ಬಿದ್ದು ಸೈನಿಕರು ಬಂದು ಆರಿಸಬೇಕಾಯಿತು. ಇಷ್ಟನ್ನು ನಾನು ಹರಕು ಹಿಂದಿಯಲ್ಲಿ ಹೇಳುವಾಗ ಅವಳು ತಲೆಯಾಡಿಸುತ್ತಿದ್ದಳು. ಕೆರೆಗೆ ಬೆಂಕಿ ಎಂಬಲ್ಲಿ ಮಾತ್ರ ನಕ್ಕುಬಿಟ್ಟಳು. ನನ್ನ ಹಿಂದಿಯಲ್ಲಿ ಏನೋ ತಪ್ಪಿದೆ ಎಂದುಕೊಂಡಿರಬೇಕು. ‘ಪಾನಿ ಮೆ ಆಗ್?’ ಎಂದು ತಿದ್ದಿಕೊಳ್ಳಲು ಅವಕಾಶ ಕೊಟ್ಟಳು. ನಾನು ಹೌದು ಎಂದೆ. ಪಾಪ, ಎತ್ತರಕ್ಕೆ ತಲೆ ತಿರುಗಿದೆ ಎಂಬಂತೆ ನೋಡಿ, ಕೂತು ನೀರು ಕುಡಿ ಎಂದು ಹೇಳಿ ಇಳಿದುಹೋದಳು. ನಾನು ಕೊಳವೆಯಿಂದ ಹೀರಿದೆ. ಬಲೂನು ಖಾಲಿಯಾಗಿತ್ತು.

ಅಂದಹಾಗೆ ನಮ್ಮ ಅಪಾರ್ಟ್‌ಮೆಂಟಿನ ಹೆಸರಿನಲ್ಲೂ ‘ಲೇಕ್ ವ್ಯೂ’ ಇದೆ. ಅವಳಿಗೆ ಅದನ್ನು ಹೇಳಲಿಲ್ಲ. ಜೋರು ಮಳೆ ಬಂದ ದಿನ ನೆಲಮಾಳಿಗೆಯ ಪಾರ್ಕಿಂಗಿಗೆ ಇಳಿದರೆ ವ್ಯೂ ಸಿಗುತ್ತದೆ.

ಅರಣ್ಯ ಇಲಾಖೆಯ ಚೀಟಿ ಹರಿಸಿಕೊಂಡು ಮೇಲೆ ಮುಟ್ಟಿದಾಗ ಹನ್ನೆರಡೂವರೆ. ಕೆರೆ ಕಂಡಿತು. ಕೆಲವು ಕ್ಷಣ ಯಾರೂ ಮಾತಾಡಲಿಲ್ಲ. ಆಮೇಲೆ ಸೆಕ್ರೆಟರಿಯೇ ಧೈರ್ಯ ಮಾಡಿ ‘ಇಷ್ಟೇನಾ?’ ಅಂದರು. ಅವರ ತಪ್ಪಲ್ಲ. ಲಾಲ್‌ಬಾಗ್ ಕೆರೆಯ ಒಂದು ಮೂಲೆಯಲ್ಲಿ ಕೂರುವಷ್ಟು ನೀರು. ಕ್ಯಾಮೆರಾದವರು ನೆಲಕ್ಕೆ ಕೆನ್ನೆಯಿಟ್ಟು ಮಲಗಿ ತೆಗೆಯುವುದರಿಂದ ಚಿತ್ರದಲ್ಲಿ ಅದು ಮಾನಸ ಸರೋವರದ ತಂಗಿಯಂತೆ ಕಾಣುತ್ತದೆ. ಚೌಖಂಬಾ ಎಲ್ಲಿ? ಅದಿರಬೇಕಾದ ಕಡೆ ಒಂದು ದಪ್ಪ ಮೋಡ, ಮಧ್ಯಾಹ್ನದ ಊಟ ಮುಗಿಸಿ ಒರಗಿದ ಜಮೀನ್ದಾರನ ಹಾಗೆ. ಹತ್ತು ಗಂಟೆಯ ಮೇಲೆ ಇಲ್ಲಿ ಮೋಡ ಕವಿಯುವುದು ಮಾಮೂಲು ಎಂದು ಮ್ಯಾಗಿ ಅಂಗಡಿಯ ಹುಡುಗ ಹೇಳಿದ. ಹಿಂದೆಲ್ಲ ಜನ ರಾತ್ರಿ ಟೆಂಟು ಹಾಕಿ ಉಳಿದು ಬೆಳಗ್ಗೆ ಪ್ರತಿಬಿಂಬ ನೋಡಿ ಇಳಿಯುತ್ತಿದ್ದರು. ಹುಲ್ಲುಗಾವಲಿನ ತುಂಬ ಟೆಂಟು, ಟೆಂಟಿನ ಸುತ್ತ ಬಾಟಲಿ, ಬಾಟಲಿಯ ಸುತ್ತ ಮನುಷ್ಯರಾದ ಮೇಲೆ, 2018ರಲ್ಲಿ ಉತ್ತರಾಖಂಡ ಹೈಕೋರ್ಟು ಬುಗ್ಯಾಲ್‌ಗಳೆಂಬ ಈ ಎತ್ತರದ ಹುಲ್ಲುಗಾವಲುಗಳಲ್ಲಿ ರಾತ್ರಿ ಬಿಡಾರವನ್ನೇ ನಿಷೇಧಿಸಿತು. ಕೋರ್ಟು ಟೆಂಟು ಕೀಳಿಸಿತು, ಕಂಪನಿಗಳು ಅದೇ ಪ್ರವಾಸಕ್ಕೆ ‘ಡೇ ಹೈಕ್’ ಎಂದು ಹೆಸರಿಟ್ಟು ಮಾರಿದವು. ರೇಟು ಕಡಿಮೆಯಾಗಲಿಲ್ಲ.

ದಂಡೆಯ ಮೇಲೆ ಸಾಲಾಗಿ ಕೂರಿಸಿ ಲೀಡರ್ ಕಥೆ ಹೇಳಿದ. ಇದು ಯಕ್ಷನ ಕೆರೆ. ವನವಾಸದ ಕೊನೆಯಲ್ಲಿ, ಬ್ರಾಹ್ಮಣನೊಬ್ಬನ ಅರಣಿ ಕಡ್ಡಿಗಳನ್ನು ಕೊಂಬಿಗೆ ಸಿಕ್ಕಿಸಿಕೊಂಡು ಓಡಿದ ಜಿಂಕೆಯ ಬೆನ್ನುಹತ್ತಿ ಪಾಂಡವರು ದಣಿದು ಬಾಯಾರಿದ್ದು, ನೀರು ತರಲು ಹೋದ ನಕುಲ, ಸಹದೇವ, ಅರ್ಜುನ, ಭೀಮ ಒಬ್ಬರಾದ ಮೇಲೊಬ್ಬರು ಉರುಳಿದ್ದು, ಕೊನೆಗೆ ಧರ್ಮರಾಯ ಬಂದದ್ದು ಎಲ್ಲ ಇಲ್ಲೇ. ಮಹಾಭಾರತದಲ್ಲಿ ಆ ಕಾಡಿಗೆ ದ್ವೈತವನ ಎಂದಿದೆ. ಪಾಕಿಸ್ತಾನದ ಪಂಜಾಬಿನ ಕಟಾಸರಾಜದ ಕೊಳವೂ ಇದೇ ಕಥೆಯ ಮೇಲೆ ಹಕ್ಕು ಹೇಳುತ್ತದೆ. ನಮ್ಮಲ್ಲೂ ಭೀಮನ ಹೆಜ್ಜೆ ಇಲ್ಲದ ಬಂಡೆ ಹುಡುಕುವುದು ಕಷ್ಟ, ಹಾಗಾಗಿ ನಾನು ತಕರಾರು ಎತ್ತಲಿಲ್ಲ. ಆದರೆ ಲೀಡರ್‌ನ ಕಥೆಯಲ್ಲಿ ಯಕ್ಷ ‘ಕ್ವಿಜ್ ಮಾಸ್ಟರ್’ ಆಗಿದ್ದ. ಗಾಳಿಗಿಂತ ವೇಗ ಯಾವುದು? ಹತ್ತೊಂಬತ್ತು ಜನರಲ್ಲಿ ಹನ್ನೊಂದು ಜನ 5ಜಿ ಎಂದರು. ಮನಸ್ಸು ಎಂದದ್ದಕ್ಕೆ ನನಗೊಂದು ಚಾಕೊಲೇಟ್ ಸಿಕ್ಕಿತು. ಹುಲ್ಲಿಗಿಂತ ಹೆಚ್ಚು ಯಾವುದು? ಚಿಂತೆ. ಇನ್ನೊಂದು ಚಾಕೊಲೇಟ್.

ಯಾರು ಸುಖಿ ಎಂಬ ಪ್ರಶ್ನೆಯನ್ನು ಅವನು ಕೇಳಲಿಲ್ಲ. ಅವನ ಟ್ರೇನಿಂಗಿನಲ್ಲಿ ಆ ಪುಟ ಹರಿದುಹೋಗಿತ್ತೋ, ಕಂಪನಿಯವರು ಬೇಕೆಂದೇ ಹರಿದಿದ್ದರೋ. ಎರಡನೆಯದೇ ಇರಬೇಕು. ಏಕೆಂದರೆ ಧರ್ಮರಾಯ ಅದಕ್ಕೆ ಕೊಟ್ಟ ಉತ್ತರ ಪ್ರವಾಸೋದ್ಯಮಕ್ಕೆ ಅಷ್ಟು ಅನುಕೂಲವಾಗಿಲ್ಲ. ಸಾಲ ಮಾಡದವನು, ಊರು ಬಿಟ್ಟು ಅಲೆಯದವನು, ದಿನದ ಐದನೆಯದೋ ಆರನೆಯದೋ ಪಾಲಿನಲ್ಲಾದರೂ ತನ್ನ ಮನೆಯಲ್ಲೇ ಒಂದಿಷ್ಟು ಸೊಪ್ಪು ಬೇಯಿಸಿಕೊಂಡು ಉಂಡವನು ಸುಖಿ ಎಂದ ಆತ. ಹೇಳಿದ್ದು ಇದೇ ದಂಡೆಯ ಮೇಲೆ, ಇದೇ ನೀರಿನ ಮುಂದೆ, ಎದುರಿಗೆ ನಾಲ್ಕು ಹೆಣ ಬಿದ್ದಿರುವಾಗ. ಯಕ್ಷ ಒಪ್ಪಿಕೊಂಡ ಕೂಡ. ನಾನು ಅಕ್ಕಪಕ್ಕ ನೋಡಿದೆ. ಸಾಲ ಮಾಡಿ, ಊರು ಬಿಟ್ಟು, ಊರಿನ ಸೊಪ್ಪನ್ನು ಹತ್ತು ನಿಮಿಷದಲ್ಲಿ ಮನೆಬಾಗಿಲಿಗೆ ತಂದುಕೊಡುವವನಿಗೆ ಕಾಯುವ ಹತ್ತೊಂಬತ್ತು ಜನ, ಆ ಉತ್ತರ ಹುಟ್ಟಿದ ಜಾಗದಲ್ಲಿ, ಕಾಗದದ ತಟ್ಟೆಯಲ್ಲಿ ಮ್ಯಾಗಿ ತಿನ್ನುತ್ತಿದ್ದೆವು. ಅಲ್ಲಿ ಒಂದು ಬಂಡೆಯ ಮೇಲೆ ಹತ್ತಿ ನಿಂತರೆ ಮಾತ್ರ ಎರಡು ಗೀಟು ಸಿಗ್ನಲ್ ಬರುತ್ತದೆ. ಸೆಕ್ರೆಟರಿ ಹತ್ತಿದರು. ಟಣ್ ಎಂದಿತು. ಎರಡನೇ ಕಂತು ಕಡಿತವಾಗಿತ್ತು. ಅವರು ಹತ್ತಿದ್ದು ನೋಡಿ ಉಳಿದವರೂ ಹತ್ತಿದರು. ಒಬ್ಬೊಬ್ಬರ ಕಿಸೆಯಲ್ಲೂ ಟಣ್. ಊಖಿಮಠದ ಗುಡಿಯಲ್ಲಿ ಕೇಳಬೇಕಿದ್ದ ಘಂಟಾನಾದ ಇಲ್ಲಿ ಸಿಕ್ಕಿತು.

ಯಕ್ಷನ ಮಾತು ಮೀರಿ ಮೊದಲು ನೀರಿಗೆ ಬಾಯಿಟ್ಟವನು ನಕುಲ. ಉತ್ತರ ಆಮೇಲೆ ನೋಡೋಣ, ಮೊದಲು ಬಾಯಾರಿಕೆ ಎಂದ. ಬೆಂಗಳೂರಿಗೆ ಮಾಸ್ಟರ್ ಪ್ಲಾನ್ ಬರೆದವರೆಲ್ಲ ಅವನ ಕಡೆಯವರೇ ಇರಬೇಕೆಂದು ನನಗೆ ಆ ಬಂಡೆಯ ಮೇಲೆ ನಿಂತಾಗ ಅನ್ನಿಸಿತು. ಒಂದೇ ವ್ಯತ್ಯಾಸ. ನಕುಲ ಕುಡಿದು ತಾನೇ ಸತ್ತ.

ಒಂದೂಕಾಲು ಗಂಟೆ ಕಾದೆವು. ಮೋಡ ಏಳಲಿಲ್ಲ. ‘ಮೋಡ ಯಾವಾಗ ಶಿಫ್ಟ್ ಮುಗಿಸುತ್ತೆ?’ ಎಂದು ಒಬ್ಬರು ಲೀಡರ್‌ನನ್ನು ಗದರಿದರು. ಹಣ ಕೊಟ್ಟಿದ್ದೇವೆ, ಕಂತಿನಲ್ಲಾದರೂ ಕೊಟ್ಟಿದ್ದೇವೆ, ಶಿಖರ ತೋರಿಸದಿದ್ದರೆ ಹೇಗೆ ಎಂಬ ಧಾಟಿ. ಲೀಡರ್ ತನ್ನ ಫೋನಿನಲ್ಲಿ ‘ದೇವರಿಯಾ ತಾಲ್: ಕವರ್ಡ್’ ಎಂದು ಗುರುತು ಹಾಕಿ, ಸೀಟಿ ಊದಿ, ಎಲ್ಲರನ್ನೂ ಕುರಿ ಎಬ್ಬಿಸುವ ಹಾಗೆ ಎಬ್ಬಿಸಿದ.

ಹತ್ತುವುದು ಶ್ವಾಸಕೋಶಕ್ಕೆ, ಇಳಿಯುವುದು ಮೊಣಕಾಲಿಗೆ. ಸಾರಿ ಮುಟ್ಟುವಾಗ ನಾಲ್ಕೂವರೆ ದಾಟಿತ್ತು. ಊರಿನ ಮೊದಲ ಸಾಲಿನ ಮನೆಯೊಂದರ ಚಪ್ಪಡಿ ಸೂರಿನಿಂದ ಹೊಗೆ ಬರುತ್ತಿತ್ತು. ಹೊಸ್ತಿಲ ಹೊರಗೆ ಆ ವಾಲಿದ ಪ್ಲಾಸ್ಟಿಕ್ ಚಪ್ಪಲಿ. ಒಳಗೆ ಆ ಹೆಂಗಸು ಕೂತು ಒಲೆಯ ಮೇಲಿನ ಕಬ್ಬಿಣದ ಬಾಣಲೆಯಲ್ಲಿ ಸೊಪ್ಪು ತಿರುವುತ್ತಿದ್ದಳು. ಬೆಳ್ಳುಳ್ಳಿಯ ಒಗ್ಗರಣೆ ದಾರಿಯವರೆಗೂ ಬಂದು ನಿಂತಿತ್ತು. ಬುಟ್ಟಿಯಷ್ಟಿದ್ದ ಸೊಪ್ಪು ಬೆಂದು ಅಂಗೈಯಷ್ಟಾಗುವುದನ್ನು ನನ್ನ ಅಜ್ಜಿಯ ಅಡುಗೆಮನೆ ಬಿಟ್ಟಮೇಲೆ ನಾನು ನಿಂತು ನೋಡಿದ್ದು ಅದೇ ಮೊದಲು. ನಮ್ಮ ಮೂರನೇ ಮಹಡಿಯವರು ಬಾಗಿಲಿಗೆ ಹೋಗಿ, ಇದನ್ನು ‘ಲೈವ್ ಕುಕಿಂಗ್ ಎಕ್ಸ್‌ಪೀರಿಯನ್ಸ್’ ಆಗಿ ಹತ್ತೊಂಬತ್ತು ಜನಕ್ಕೆ ಮಾಡಿಕೊಡಲು ಎಷ್ಟು ತೆಗೆದುಕೊಳ್ಳುತ್ತೀಯಮ್ಮಾ ಎಂದು ಕೇಳಿದರು. ಅವಳಿಗೆ ಅರ್ಥವಾಗಲಿಲ್ಲ. ಅವಳ ಚಿಂತೆ ಬೇರೆ ಇತ್ತು. ಚೌಖಂಬಾ ಕಂಡಿತಾ ಎಂದಳು. ಇಲ್ಲ, ಮೋಡ ಎಂದೆವು. ಹತ್ತರ ಮೇಲೆ ಹೋದರೆ ಹೇಗೆ ಕಂಡೀತು, ನಾಳೆ ಆರಕ್ಕೆ ಹೋಗಿ, ಕನ್ನಡಿ ಹಾಗೆ ಇರುತ್ತದೆ ಎಂದಳು. ನಾಳೆ ವಿಮಾನ ಎಂದೆವು. ಅದಕ್ಕೆ ಅವಳು ಏನೂ ಹೇಳದೆ ಬಾಣಲೆ ಇಳಿಸಿದಳು.

ರಾತ್ರಿ ಊಟಕ್ಕೆ ಪನ್ನೀರ್ ಬಟರ್ ಮಸಾಲ ಇತ್ತು.

ಮಲಗುವ ಮುಂಚೆ ಸೆಕ್ರೆಟರಿ ಅಪಾರ್ಟ್‌ಮೆಂಟ್ ಗುಂಪಿಗೆ ಫೋಟೋ ಹಾಕಿದರು. ನೀಲಿ ಆಕಾಶ, ನಿಶ್ಚಲ ನೀರು, ಅದರಲ್ಲಿ ತಲೆಕೆಳಗಾಗಿ ನಿಂತ ಚೌಖಂಬಾ. ‘ಇಂದು ಮಧ್ಯಾಹ್ನ ನಮ್ಮ ಕ್ಯಾಮೆರಾಗೆ ಸಿಕ್ಕ ದಿವ್ಯ ದರ್ಶನ’ ಎಂಬ ಒಕ್ಕಣೆ. ಚಿತ್ರದ ಕೆಳಮೂಲೆಯಲ್ಲಿ ಯಾರದೋ ಹೆಸರಿನ ನೀರುಗುರುತು ಅರ್ಧ ಉಜ್ಜಿಹೋಗಿತ್ತು. ಬೆಳಗಾಗುವಷ್ಟರಲ್ಲಿ ಅದಕ್ಕೆ ನಲವತ್ತಮೂರು ಹೆಬ್ಬೆಟ್ಟು ಬಿದ್ದಿದ್ದವು. ಅವುಗಳಲ್ಲಿ ಒಂದು ನನ್ನದು.